ಬಂಡೆಯ ಹಿಂದಿನ ಹೊನ್ನೆ

ದೇವರಾಯನದುರ್ಗದ ಬೆಟ್ಟದಲ್ಲಿ ಮರ ಎಣಿಸುತ್ತಿದ್ದಾಗಲೇ ಮನ್ಸೂರ್ ಅಲಿಯವರಿಗೆ ಫೋನು ಬಂತು. ಹೆಬ್ಬೂರಿನಲ್ಲಿ ಕದರಯ್ಯ ತೀರಿಕೊಂಡಿದ್ದ. ಕಾಡು ಕಾಯುವ ಕೆಲಸದಲ್ಲಿ ಜೊತೆಯಾದ ಇಬ್ಬರೂ ಮೂವತ್ತು ವರ್ಷಗಳಿಂದ, ಐದು ವರ್ಷಕ್ಕೊಮ್ಮೆ, ಇದೇ ತುಂಡು ಕಾಡಿನ ಮರಗಳನ್ನು ಎಣಿಸುತ್ತ ಬಂದಿದ್ದರು. ಪ್ರತಿ ಸಲವೂ ಜಾಲಾರಿ ಹೆಚ್ಚುತ್ತಿತ್ತು, ಹೊನ್ನೆ ಕಡಿಮೆಯಾಗುತ್ತಿತ್ತು.

“ಮಣ್ಣು ಸಂಜೆಗಂತೆ, ನೀವು ಹೊರಡಿ ತಾತ,” ಎಂದಳು ಫಾರೆಸ್ಟ್ ಗಾರ್ಡ್ ಸುಶ್ಮಿತಾ. “ಹೊನ್ನೆ ಒಂದೂ ಸಿಕ್ಲಿಲ್ಲ. ಪಟ್ಟಿಯಿಂದ ಹೆಸ್ರು ಹೊಡೆದಾಕ್ತೀನಿ.”

“ತಡಿಯಮ್ಮ, ಕದರಯ್ಯ, ಹೊನ್ನೆ, ಒಂದೇ ದಿನ ಇಬ್ರನ್ನೂ ಕಳಿಸ್ಬೇಡ. ಆ ಬಂಡೆ ಹಿಂದೆ ನೋಡಿಲ್ಲ.”

ಬಂಡೆಯ ಹಿಂದೆ, ಜಾಲಾರಿಯ ನೆರಳಿನಲ್ಲಿ, ಮುಳ್ಳುಬೇಲಿಯೊಳಗೆ ಎಳೆಯ ಹೊನ್ನೆಯೊಂದು ನಿಂತಿತ್ತು. ಬೇಲಿಯನ್ನು ಬಿಗಿದಿದ್ದದ್ದು ಕದರಯ್ಯ ಸದಾ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹಸಿರು ಟವೆಲಿನ ಚೂರುಗಳಿಂದ.

“ಕಳ್ಳ ನನ್ಮಗ! ನಂಗೂ ಹೇಳ್ಲಿಲ್ಲ ನೋಡು.”

“ಇದಿನ್ನೂ ಸಸಿ ಅಲ್ವಾ ತಾತ?”

ಮನ್ಸೂರ್ ಅಲಿ, ಕದರಯ್ಯ ಇಬ್ಬರ ಕ್ರಮ ಹಳೆಯದು. ಕಾಂಡವನ್ನು ಒಂದು ಕೈಯಲ್ಲಿ ಹಿಡಿದಾಗ ಹೆಬ್ಬೆರಳಿಗೆ ನಡುಬೆರಳು ತಾಗಿದರೆ ಅದು ಸಸಿ, ಎಣಿಸುವಂತಿಲ್ಲ. ತಾಗದಿದ್ದರೆ ಮರ. ಮನ್ಸೂರ್ ಅಲಿ ಬೇಲಿಯೊಳಗೆ ಕೈ ತೂರಿಸಿದರು. ಮುಳ್ಳು ಗೀರಿತು. ಕಾಂಡವನ್ನು ಹಿಡಿದು ಬಲವಾಗಿ ಒತ್ತಿದರು. ಬೆರಳುಗಳ ನಡುವೆ ರಾಗಿಕಾಳಿನಷ್ಟು ಜಾಗ ಉಳಿಯಿತು.

“ಬರ್ಕೊಳಮ್ಮ. ಹೊನ್ನೆ, ಒಂದು.”

ಸುಶ್ಮಿತಾ ಬರೆದುಕೊಂಡ ಮೇಲೆ ಅವರು ಮರದ ಬಳಿಯೇ ಕುಳಿತು, ಗೀರು ಬಿದ್ದ ಕೈಯನ್ನೂ ಸೇರಿಸಿ ಎರಡೂ ಕೈಗಳನ್ನು ಎತ್ತಿದರು. “ಯಾ ಅಲ್ಲಾ, ನಮ್ಮ ಕದರಯ್ಯ ನಿನ್ನತ್ರ ಬರ್ತಾವ್ನೆ. ಬಿಸಿಲಲ್ಲಿ ಬಾಳ ನಡೆದವ್ನೆ. ಅವನಿಗೆ ನೆರಳು ಕೊಡು, ನೆಮ್ಮದಿ ಕೊಡು.”