ರನ್‌ವೇ ಡಾಗ್ಸ್‌ನ ಒಂದೇ ಕ್ಯಾಸೆಟ್

"ಎಲ್ಲಾ ತಗೊಳ್ಳಿ. ಆಮೇಲೆ ಅದು ಬಿಟ್ಟೆ, ಇದು ಬಿಟ್ಟೆ ಅಂತ ಈ ಕಡೆ ಬರಬೇಡಿ," ಎನ್ನುತ್ತ ರಂಜನಿ ಅತ್ತೆಯ ಬಟ್ಟೆಗಳನ್ನು ಪೆಟ್ಟಿಗೆಗೆ ತುರುಕಿದಳು.

ವೇಲಚೇರಿಯ ಈ ಫ್ಲ್ಯಾಟಿನಲ್ಲಿ ಅತ್ತೆ ವೆಂಕಟಲಕ್ಷ್ಮಮ್ಮನವರಿಗಿದು ಕೊನೆಯ ಬೆಳಗು. ಅವರನ್ನು ಅವರ ತಂಗಿಯ ಮನೆಗೆ ಸಾಗಹಾಕಲೇಬೇಕೆಂದು ರಂಜನಿ ಹಟ ಹಿಡಿದಿದ್ದಳು. ಗಂಡ ಗುರುಚರಣ ಒಪ್ಪಿದ್ದ.

ಒಂಬತ್ತು ವರ್ಷದ ಹಗೆ. ತೊಂಬತ್ತೆಂಟರಲ್ಲಿ, ಮದುವೆಗೆ ಮುಂಚೆ, ರಂಜನಿ ಹಾಡುತ್ತಿದ್ದಳು, ಗುರುಚರಣನದು ಗಿಟಾರ್. ರನ್‌ವೇ ಡಾಗ್ಸ್ ಎಂಬ ಆ ರಾಕ್ ಬ್ಯಾಂಡಿನ ಹೆಸರು ಈಗ ಯಾರಿಗೂ ನೆನಪಿಲ್ಲ. ಪಲ್ಲಾವರಂನ ಶೆಡ್ಡಿನಲ್ಲಿ, ವಿಮಾನ ಇಳಿದಾಗಲೆಲ್ಲ ನಿಲ್ಲಿಸಿ ಮತ್ತೆ ಹಾಡಿ, ಒಂದೇ ಒಂದು ಕ್ಯಾಸೆಟ್ ತುಂಬಿಸಿದ್ದರು. ನುಂಗಂಬಾಕ್ಕಂನ ಕ್ಯಾಸೆಟ್ ಕಂಪನಿಯವನು ಶೆಡ್ಡಿಗೇ ಬಂದು ಹಾಡು ಕೇಳಿದ. "ಈ ಹುಡುಗಿ ಒಬ್ಬಳೇ ಸಾಕು. ಕ್ಯಾಸೆಟ್ ಆಫೀಸಿಗೆ ತನ್ನಿ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುರುಚರಣ. ಕ್ಯಾಸೆಟ್ ಅವನ ಮನೆಯಲ್ಲಿತ್ತು.

ಆ ವಾರವೇ ಅದರ ತುಂಬ ಅವನಮ್ಮನ ದೇವರನಾಮ. ರಂಜನಿಯ ಅವಕಾಶ ಅಲ್ಲಿಗೇ ಮುಗಿಯಿತು.

ಗೊತ್ತಿಲ್ಲದೆ ಆಯಿತು ಎನ್ನುವಂತಿರಲಿಲ್ಲ. ಯಾರೂ ಅಳಿಸಬಾರದೆಂದು ರಂಜನಿಯೇ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದಳು. ಆ ತೂತುಗಳನ್ನು ಮುಚ್ಚದೆ ಅದರ ಮೇಲೆ ಏನೂ ರೆಕಾರ್ಡ್ ಆಗದು. ಅಂದರೆ ಬೇಕೆಂದೇ ಮುಚ್ಚಿದ್ದಾರೆ. "ಅಮ್ಮನಿಗೆ ನಮ್ಮ ಬ್ಯಾಂಡ್ ಕಂಡ್ರೆ ಆಗ್ತಿರಲಿಲ್ಲ. ನೀನು ಅದನ್ನ ನೋಡೋದೇ ಬೇಡ ಅಂತ ಎಸೆದುಬಿಟ್ಟೆ," ಎಂದಿದ್ದ ಗುರುಚರಣ.

ಈಗ ಅವನು ಬಾಗಿಲ ಬಳಿ ಕೂತು ಇನ್ನೊಂದು ಪೆಟ್ಟಿಗೆಯ ಹಿಡಿಕೆಗೆ ಇನ್ಸುಲೇಷನ್ ಟೇಪು ಸುತ್ತುತ್ತಿದ್ದ. ಕತ್ತರಿ ಹುಡುಕುವ ತಾಳ್ಮೆ ಅವನಿಗೆ ಎಂದೂ ಇಲ್ಲ. ಗಿಟಾರಿನ ವೈರಿಗೆ ಸುತ್ತುತ್ತಿದ್ದ ಕಾಲದಿಂದಲೂ ಹಲ್ಲಿನಲ್ಲೇ ಕಚ್ಚಿ ಹರಿಯುವುದು.

"ಥೂ, ಎಂಜಲು ಮಾಡಬೇಡ್ವೋ. ಅದರಲ್ಲಿ ದೇವರ ಸಾಮಾನಿದೆ," ಎಂದರು ವೆಂಕಟಲಕ್ಷ್ಮಮ್ಮ.

"ಎಂಜಲಂತೆ," ರಂಜನಿ ಹಂಗಿಸಿದಳು. "ನಾನು ಮುಟ್ಟಿದ ಲೋಟಾನೂ ತೊಳೀತೀರಿ. ನನ್ನ ಬದುಕು ತೊಳೆದುಹಾಕೋವಾಗ ಎಲ್ಲಿತ್ತು ಈ ಮಡಿ?"

"ಹಾಡಿದ್ದು ನಾನೇ ಕಣೇ. ಇಲ್ಲ ಅಂತ ಯಾವತ್ತಾದ್ರೂ ಅಂದಿದೀನಾ?"

"ಪೋದುಂ ಮಾ, ಸಾಕು," ಎಂದ ಗುರುಚರಣ. "ಕೆಳಗೆ ಆಟೋ ಕಾಯ್ತಿದೆ."

ರಂಜನಿ ಅತ್ತೆಯ ಹಳೆಯ ಶಾಲೊಂದನ್ನು ಕೊಡವಿದಳು. ಮಡಿಕೆಯಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಕ್ಯಾಸೆಟ್. ಮೇಲೆ ಅವಳದೇ ಕೈಬರಹ: ರನ್‌ವೇ ಡಾಗ್ಸ್.

ಗುರುಚರಣ ಧಾವಿಸಿದ. ಅವಳೇ ಮೊದಲು ಎತ್ತಿಕೊಂಡಳು.

"ಕೊಡು ಇಲ್ಲಿ. ಈಗಲಾದ್ರೂ ಎಸೀತೀನಿ."

ರಂಜನಿ ಅದರ ಬೆನ್ನು ತಿರುಗಿಸಿದಳು. ತೂತುಗಳ ಮೇಲೆ ಇನ್ಸುಲೇಷನ್ ಟೇಪು, ಅದರ ತುದಿಗಳಲ್ಲಿ ಹಲ್ಲಿನ ಗುರುತು.