ಹಲಸಿನ ಹಪ್ಪಳದ ನೋಟು

ಮಲ್ಪೆಯಲ್ಲಿ ದುಡಿದ ನೋಟಿಗೆಲ್ಲ ಆ ದುಡಿಮೆಯದೇ ವಾಸನೆ. ಮೀನು ಮಾರುವ ಜಲಜಳ ನೋಟುಗಳಿಗೆ ಬಂಗುಡೆಯ ವಾಸನೆ. ಮಗಳು ಹರಿಣಿ ಮೂಗು ಮುಚ್ಚಿಕೊಂಡೇ ಅವನ್ನು ಐಸ್‌ಕ್ಯಾಂಡಿಗೆ ಮುಗಿಸುತ್ತಿದ್ದಳು.

ರಜೆಯಲ್ಲಿ ಅವಳು ಅಜ್ಜಿಯನ್ನೂ ಕರೆದುಕೊಂಡು ಪಕ್ಕದ ಮನೆಯ ಲಲಿತಕ್ಕನಿಗೆ ಹಲಸಿನ ಹಪ್ಪಳ ಒತ್ತಿಕೊಡಲು ಹೋದಳು. ಮೊದಲ ದಿನ ಸಿಕ್ಕಿದ ನೋಟನ್ನು ಮೂಸಿ ಅಮ್ಮ ಬಿದ್ದು ಬಿದ್ದು ನಕ್ಕಳು.

“ನಶ್ಯದ ಘಾಟು! ಅರ್ಧ ಹಪ್ಪಳ ಅಜ್ಜಿ ಕೈಯಲ್ಲಿ ಒತ್ತಿಸಿದ್ದೀಯಲ್ಲ ಮಾರಾಯ್ತಿ!”

ಮರುದಿನ ಹರಿಣಿ ಒಬ್ಬಳೇ ಒತ್ತಿದಳು. ಆ ನೋಟಿಗೆ ಅಪ್ಪಟ ಹಪ್ಪಳದ ಪರಿಮಳ. ಐಸ್‌ಕ್ಯಾಂಡಿ ಗಾಡಿಯ ತನಕ ಹೋದವಳು ಅದನ್ನು ಮೂಸುತ್ತಲೇ ವಾಪಸು ಬಂದಳು.

“ಕೊಡ್ಲಿಕ್ಕೆ ಮನಸ್ಸೇ ಬರುವುದಿಲ್ಲ ಅಮ್ಮ.”

“ಹಾಗಾದ್ರೆ ನನ್ನದು ತಗೋ,” ಎಂದು ಜಲಜ ನೋಟು ಚಾಚಿದಳು.

ಹರಿಣಿ ಈ ಸಲ ಮೂಗು ಮುಚ್ಚಲಿಲ್ಲ. ಕಣ್ಣು ಮುಚ್ಚಿ, ತುಂಬಾ ಹೊತ್ತು ಮೂಸಿದಳು.

“ಇದನ್ನೂ ಕೊಡುವುದು ಬೇಡ. ಮನೆಯಲ್ಲಿ ಮಜ್ಜಿಗೆ ಉಂಟಲ್ಲ?”