ಹತ್ತನೇ ದಾರ

ನೀಲಗಂಗಾ ಸಿಸ್ಟರ್ ಎಡ ಮಣಿಕಟ್ಟಿನಲ್ಲಿ ಆಗಲೇ ಒಂಬತ್ತು ದಾರಗಳಿದ್ದವು. ದಾರಕ್ಕೊಬ್ಬ ರೋಗಿಯ ನೋವು. ಪಾಳಿ ಮುಗಿಯುವವರೆಗೆ ಅಷ್ಟನ್ನೂ ಅವಳೇ ಅನುಭವಿಸಬೇಕು. ರೋಗಿಗಳು ಹಾಯಾಗಿ ಮಲಗಿದ್ದರು. ಒಬ್ಬ ನರ್ಸಿಗೆ ನಾಲ್ಕಕ್ಕಿಂತ ಹೆಚ್ಚು ಕಟ್ಟಬಾರದೆಂಬ ನಿಯಮ ಗೋಡೆಯ ಮೇಲೆ ಚೆಂದವಾಗಿ ನೇತಾಡುತ್ತಿತ್ತು.

ಮೇಲ್ವಿಚಾರಕ ಹುದ್ದಾರ ಹತ್ತನೆಯದನ್ನು ಹಿಡಿದು ಬಂದ.

"ಇನ್ನ ನನ್ನ ಕೈಲೆ ಆಗೂದಿಲ್ಲ ಸರ್. ಬಿದ್ದ ಮ್ಯಾಲ ಹೇಳಿದ್ರ ಏನು ಉಪಯೋಗ, ಈಗ ಹೇಳಾಕತ್ತೇನಿ."

"ಎಲ್ಲಾರೂ ಕಟ್ಕೊಂಡಾರ. ನಿನಗಷ್ಟ ಏನು ದೊಡ್ಡ ತ್ರಾಸು? ನಾಟಕ ಮಾಡಬ್ಯಾಡ, ಕೈ ಚಾಚು."

ಅವಳು ಚಾಚಿದಳು. ಅವನು ಕಟ್ಟಲು ಬಗ್ಗಿದಾಗ ತನ್ನದೊಂದು ದಾರ ಬಿಚ್ಚಿ ಅವನ ಮಣಿಕಟ್ಟಿಗೇ ಬಿಗಿದಳು. ಹುದ್ದಾರ ದವಡೆ ಹಿಡಿದುಕೊಂಡು ಚೀರುತ್ತ ನೆಲಕ್ಕೆ ಕುಸಿದ.

"ಅದು ಬರೇ ಹಲ್ಲುನೋವು ಸರ್," ಎನ್ನುತ್ತ ಅವಳು ಇನ್ನೊಂದು ಗಂಟಿಗೆ ಕೈ ಹಾಕಿದಳು. "ಹೆರಿಗಿಯವು ಮೂರು ಅದಾವ."